ಕಾಗದದ ಹಡಗು: ಬಲ ಇರುವುದು ಹಂದರದಲ್ಲಿ

ಮುದ್ರಿತ ನಕ್ಷೆಯ ಭಾಗಗಳನ್ನು ಕತ್ತರಿಸಿ, ಅಂಟಿಸಿ ಕಾಗದದ ಮಾದರಿ ಹಡಗು ಕಟ್ಟಲು ಹೊರಟವರು ಮೊದಲು ಹುಡುಕುವುದು ಸಿಕ್ಕಷ್ಟೂ ದಪ್ಪ ಹಾಳೆಯನ್ನು. ಅಲ್ಲೇ ತೊಂದರೆ ಶುರು. ದಪ್ಪ ಹಾಳೆ ಹಡಗಿನ ಮೂತಿಯ ಹತ್ತಿರ ಬಾಗಲು ಒಪ್ಪುವುದಿಲ್ಲ, ಒತ್ತಾಯಿಸಿದರೆ ಗೆರೆ ಬಿದ್ದು ಮುರಿಯುತ್ತದೆ. ಹಡಗನ್ನು ಗಟ್ಟಿ ಮಾಡುವುದು ರಟ್ಟಿನ ಉದ್ದ, ಅಡ್ಡ ಪಟ್ಟಿಗಳನ್ನು ಜೋಡಿಸಿದ ಒಳಗಿನ ಹಂದರ. ಹೊರಗಿನ ಹಾಳೆ ಅದರ ಮೇಲಿನ ಚರ್ಮವಷ್ಟೇ.

ಹಾಗಾಗಿ ಒಡಲು, ಡೆಕ್ಕು, ಕೋಣೆಗಳಿಗೆ 160ರಿಂದ 200 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಂಗಳಲ್ಲಿ) ಹಾಳೆ ಸಾಕು. ಫಿರಂಗಿಯ ನಳಿಗೆಯಂಥ ಸಣ್ಣ ಕೊಳವೆ ಸುತ್ತಲು 80 ಜಿಎಸ್‌ಎಂ ಒಳ್ಳೆಯದು. ಹೊಳಪಿನ ಲೇಪವಿರುವ ಹಾಳೆ ಬೇಡ, ಅಂಟು ಸರಿಯಾಗಿ ಹಿಡಿಯುವುದಿಲ್ಲ. ಇಂಕ್‌ಜೆಟ್ ಮುದ್ರಣವಾದರೆ ಕತ್ತರಿಸುವ ಮೊದಲೇ ಹೊಳಪಿಲ್ಲದ (ಮ್ಯಾಟ್) ವಾರ್ನಿಶ್ ಅನ್ನು ತೆಳುವಾಗಿ ಸಿಂಪಡಿಸಿ ಒಣಗಿಸಿ. ಇಲ್ಲವಾದರೆ ಒದ್ದೆ ಬೆರಳು ತಾಗಿದರೂ ಬಣ್ಣ ಹರಡೀತು. ಲೇಸರ್ ಮುದ್ರಣಕ್ಕೆ ನೀರಿನ ಭಯ ಕಡಿಮೆ, ಆದರೆ ಮಡಿಕೆಯಲ್ಲಿ ಬಣ್ಣ ಉದುರುತ್ತದೆ.

ಇನ್ನು ಕಾಗದದೊಳಗಿನ ನಾರು ಓಡುವ ದಿಕ್ಕು. ಇದನ್ನು ಅಸಡ್ಡೆ ಮಾಡುವವರೇ ಹೆಚ್ಚು. ಒಂದೇ ಹಾಳೆಯಿಂದ ಒಂದೇ ಅಳತೆಯ ಎರಡು ಪಟ್ಟಿ ಕತ್ತರಿಸಿ, ಒಂದು ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ. ಎರಡನ್ನೂ ಒಂದು ತುದಿಯಲ್ಲಿ ಹಿಡಿದು ಚಾಚಿ. ಕಡಿಮೆ ಜೋತುಬೀಳುವ ಪಟ್ಟಿಯಲ್ಲಿ ನಾರು ಉದ್ದಕ್ಕೆ ಓಡಿದೆ ಎಂದರ್ಥ. ಕೊಳವೆ ಸುತ್ತುವಾಗ ನಾರು ಕೊಳವೆಯ ಉದ್ದಕ್ಕೇ ಇರಲಿ, ಆಗ ಹಾಳೆ ತಾನಾಗಿ ದುಂಡಾಗುತ್ತದೆ. ಹಡಗಿನ ನಡುವೆ ನಿಲ್ಲುವ ಉದ್ದನೆಯ ಬೆನ್ನುಪಟ್ಟಿಯಲ್ಲೂ ನಾರು ಉದ್ದಕ್ಕಿದ್ದರೆ ಅದು ಸೊಟ್ಟಗಾಗುವುದು ಕಡಿಮೆ.

ಹಂದರಕ್ಕೆ ಸಾಮಾನ್ಯವಾಗಿ 1 ಮಿ.ಮೀ. ರಟ್ಟು ಬೇಕು. ಪಟ್ಟಿಗಳು ಒಂದರೊಳಗೊಂದು ಕೂರಲು ನಕ್ಷೆಯಲ್ಲಿರುವ ಸೀಳುಗಳು ಯಾವ ದಪ್ಪಕ್ಕೆ ಬರೆದವು ಎಂದು ಮೊದಲು ನೋಡಿ. 1:200ರ (ನಿಜವಾದ ಹಡಗಿನ 200ನೇ ಒಂದು ಪಾಲು ಅಳತೆಯ) ನಕ್ಷೆಯನ್ನು 1:400ಕ್ಕೆ ಇಳಿಸಿ ಮುದ್ರಿಸಿದರೆ ಸೀಳೂ ಅರ್ಧವಾಗುತ್ತದೆ, ಆಗ ಬೇಕಾದ್ದು 0.5 ಮಿ.ಮೀ. ರಟ್ಟು. ಮುದ್ರಿತ ಹಾಳೆಯನ್ನು ರಟ್ಟಿಗೆ ಅಂಟಿಸಲು ನೀರು ಬೆರೆಸಿದ ಬಿಳಿ ಅಂಟು ಬೇಡವೇ ಬೇಡ: ನೀರು ಕುಡಿದ ಕಾಗದ ನಾರಿಗೆ ಅಡ್ಡವಾಗಿ ಹಿಗ್ಗಿ, ಒಣಗುವಾಗ ರಟ್ಟನ್ನೂ ಎಳೆದು ಬಗ್ಗಿಸುತ್ತದೆ. ನೀರಿನ ಬದಲು ದ್ರಾವಕ (ಸಾಲ್ವೆಂಟ್) ಇರುವ ಅಂಟು ಬಳಸಿ, ಭಾರದ ಪುಸ್ತಕಗಳ ಕೆಳಗೆ ರಾತ್ರಿಯಿಡೀ ಇಡಿ.

ಹಂದರವನ್ನು ಗಾಜಿನಂಥ ಸಮತಟ್ಟಾದ ಹಲಗೆಯ ಮೇಲೆಯೇ ಜೋಡಿಸಿ. ಅಂಟು ಒಣಗುವ ಮೊದಲು ಮೂತಿಯ ಕಡೆಯಿಂದ ಕಣ್ಣು ಹಾಯಿಸಿದರೆ ತಿರುಚಿದ್ದು ಕಾಣುತ್ತದೆ. ಒಣಗಿದ ಮೇಲೆ ತಿದ್ದಲಾಗದು. ಹಂದರದ ಅಡ್ಡಪಟ್ಟಿಗಳ ನಡುವೆ ಹೊರಹಾಳೆ ಒಳಕ್ಕೆ ಕುಸಿದು ಪಕ್ಕೆಲುಬು ಎದ್ದು ಕಾಣುವುದು ಈ ಹಡಗುಗಳ ಹಳೆಯ ರೋಗ. ಅದಕ್ಕೆ ಮೊದಲು 160 ಜಿಎಸ್‌ಎಂನ ಬಿಳಿ ಹಾಳೆಯಿಂದ ಒಳಹೊದಿಕೆ ಹಾಕಿ, ಅದರ ಮೇಲೆ ಮುದ್ರಿತ ಹಾಳೆ ಹೊದಿಸಿ. ಕೆಲಸ ಇಮ್ಮಡಿ, ಆದರೆ ಇದನ್ನು ಬಿಟ್ಟರೆ ಉಳಿದ ನಾಜೂಕೆಲ್ಲ ವ್ಯರ್ಥ.

ಕೂವೆಕಂಬವನ್ನು (ಡೆಕ್ಕಿನ ಮೇಲೆ ನಿಲ್ಲುವ ಎತ್ತರದ ಕಂಬ) ಬರೀ ಕಾಗದದಿಂದ ಮಾಡಬೇಡಿ, ಹಗ್ಗದ ದಾರ ಬಿಗಿದೊಡನೆ ಬಾಗುತ್ತದೆ. ಹಿತ್ತಾಳೆ ತಂತಿ ಅಥವಾ ಬಿದಿರು ಕಡ್ಡಿಗೆ ತೆಳು ಹಾಳೆ ಸುತ್ತಿ. ಸಣ್ಣ ಭಾಗಗಳ ಹಿಂಬದಿಗೆ ನೀರಿನಂಥ ತೆಳು ಸೂಪರ್ ಗ್ಲೂ ತೊಟ್ಟಿಕ್ಕಿಸಿದರೆ ಕಾಗದ ಅದನ್ನು ಹೀರಿ ಗಡುಸಾಗುತ್ತದೆ, ಅಂಚನ್ನು ಮರಳು ಕಾಗದದಿಂದ ಉಜ್ಜಲೂಬಹುದು. ಹೆಚ್ಚಾದರೆ ಮುದ್ರಿತ ಬದಿಯಲ್ಲಿ ಕಪ್ಪು ಕಲೆ ಮೂಡುತ್ತದೆ. ಸೂಪರ್ ಗ್ಲೂ ಆವಿ ಕಣ್ಣು, ಮೂಗು ಉರಿಸುವುದರಿಂದ ಕಿಟಕಿ ತೆರೆದಿರಲಿ. ಕತ್ತರಿಸಿದ ಅಂಚುಗಳ ಬಿಳುಪಿಗೆ ಬಣ್ಣ ಹಚ್ಚುವುದೂ ಅಂಟಿಸುವ ಮೊದಲೇ ಆಗಬೇಕು, ಆಮೇಲೆ ಕುಂಚ ಒಳಗೆ ಹೋಗುವುದಿಲ್ಲ.