25 ನಿಮಿಷದಲ್ಲಿ ಹಿಡಿಸುವಷ್ಟು ಕೆಲಸ

ನಾನು ಅನುವಾದಕಿ. ಯಂತ್ರಗಳ ಕೈಪಿಡಿ, ಅರ್ಜಿ ನಮೂನೆ, ತರಬೇತಿ ಪಾಠ, ಇಂಥವು ನನ್ನ ಕೈಗೆ ಬರುತ್ತವೆ. ಮನೆಯಲ್ಲೇ ಕೂತು ಮಾಡುವ ಕೆಲಸ. ಹಿಂದೆ ನಿಂತು ನೋಡುವವರು ಯಾರೂ ಇಲ್ಲ, ಗಡುವು ಮಾತ್ರ ಇರುತ್ತದೆ. ಹಾಗಾಗಿ ಮಾಡಬೇಕಾದ ಕೆಲಸಗಳ ಪಟ್ಟಿ ಇಡುವ ಟಾಸ್ಕ್ ಆ್ಯಪ್, 25 ನಿಮಿಷಕ್ಕೊಮ್ಮೆ ಬಾರಿಸುವ ಟೈಮರ್ ಎರಡನ್ನೂ ಮೊದಲಿನಿಂದಲೂ ಬಳಸುತ್ತಿದ್ದೆ.

ಆದರೂ ಒಂದು ವಿಷಯ ತುಂಬಾ ದಿನ ಕಾಡಿತು. ಟೈಮರ್ ದಿನಕ್ಕೆ ಏಳೆಂಟು ಸಲ ಬಾರಿಸುತ್ತಿತ್ತು. ನಾನು ನಿಜವಾಗಿಯೂ ಕೂತು ದುಡಿದಿರುತ್ತಿದ್ದೆ. ಸಂಜೆ ಆ್ಯಪ್ ತೆರೆದರೆ ಪಟ್ಟಿ ಮಾತ್ರ ಬೆಳಗ್ಗೆ ಇದ್ದ ಹಾಗೇ ಇರುತ್ತಿತ್ತು. ಒಂದು ದಿನ ಆ ಪಟ್ಟಿಯನ್ನೇ ಸುಮ್ನೆ ನೋಡುತ್ತಾ ಕೂತೆ. ಎಲ್ಲಕ್ಕಿಂತ ಮೇಲಿನ ಸಾಲು 'ಕೈಪಿಡಿ ಅನುವಾದ' ಅಂತ ಇತ್ತು. ಅದು 64 ಪುಟದ ಕೈಪಿಡಿ. 25 ನಿಮಿಷ ಕೂತು ಎದ್ದರೆ ಆ ಸಾಲಿಗೆ ಟಿಕ್ ಹಾಕೋಕೆ ಆಗುತ್ತಾ? ಎಂಟು ಸಲ ಕೂತರೂ ಆಗುವುದಿಲ್ಲ. ಪಟ್ಟಿಯ ಅಳತೆ ಒಂದು, ಟೈಮರಿನ ಅಳತೆ ಇನ್ನೊಂದು. ಎರಡನ್ನೂ ಒಂದೇ ಅಳತೆಗೆ ತಂದ ಮೇಲೆ ನನ್ನ ದಿನಗಳು ಬದಲಾದವು. ಅದನ್ನು ಹೇಗೆ ಮಾಡುವುದು ಅಂತ ಹೇಳುತ್ತೇನೆ.

ಟೈಮರ್ ಬಳಸುವ ನಿಯಮಗಳು ನಿಮಗೆ ಗೊತ್ತಿರಬಹುದು. ಇಟಲಿಯ ಫ್ರಾಂಚೆಸ್ಕೊ ಚಿರಿಲ್ಲೊ 1980ರ ದಶಕದ ಕೊನೆಯಲ್ಲಿ, ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ರೂಪಿಸಿದ ಪದ್ಧತಿ ಇದು. ಅವರು ಬಳಸಿದ್ದು ಟೊಮೆಟೊ ಆಕಾರದ ಅಡುಗೆಮನೆ ಟೈಮರ್. ಇಟಾಲಿಯನ್ನಿನಲ್ಲಿ ಟೊಮೆಟೊಗೆ ಪೊಮೊಡೊರೊ ಅನ್ನುತ್ತಾರೆ, ಪದ್ಧತಿಗೆ 'ಪೊಮೊಡೊರೊ' ಅನ್ನುವ ಹೆಸರು ಅಲ್ಲಿಂದಲೇ ಬಂತು. 25 ನಿಮಿಷ ಒಂದೇ ಕೆಲಸ, 5 ನಿಮಿಷ ಬಿಡುವು. ನಾಲ್ಕು ಸಲ ಆದ ಮೇಲೆ 15ರಿಂದ 30 ನಿಮಿಷದ ದೊಡ್ಡ ಬಿಡುವು. ಒಂದೊಂದು 25 ನಿಮಿಷವನ್ನು ನಾನು 'ಸುತ್ತು' ಅಂತ ಕರೆಯುತ್ತೇನೆ. ಇಲ್ಲೂ ಹಾಗೇ ಬರೆಯುತ್ತೇನೆ.

ಮೊದಲ ಕೆಲಸ, ಪಟ್ಟಿಯ ಸಾಲುಗಳನ್ನು ಸುತ್ತಿನ ಲೆಕ್ಕದಲ್ಲಿ ಬರೆಯುವುದು. 'ಕೈಪಿಡಿ ಅನುವಾದ' ಅನ್ನುವುದನ್ನು ಪ್ರಾಜೆಕ್ಟ್ ಹೆಸರಾಗಿ ಮೇಲಕ್ಕೆ ಏರಿಸಿ. ಅದರ ಒಳಗೆ ನನ್ನ ಸಾಲುಗಳು ಹೀಗಿರುತ್ತವೆ: 'ಅಧ್ಯಾಯ 3ರ ಪಾರಿಭಾಷಿಕ ಪದ ಹೆಕ್ಕು (1)', 'ಪುಟ 18ರಿಂದ 23, ಮೊದಲ ಕರಡು (3)', 'ಚಿತ್ರಗಳ ಕೆಳಗಿನ ಸಾಲು ಅನುವಾದಿಸು (1)', 'ಅಧ್ಯಾಯ 3 ಓದಿ ತಿದ್ದು (1)'. ಆವರಣದಲ್ಲಿ ಇರುವುದು ಎಷ್ಟು ಸುತ್ತು ಬೇಕು ಅನ್ನುವ ಅಂದಾಜು. ಪ್ರತಿ ಸಾಲಿನಲ್ಲೂ ಒಂದು ಕ್ರಿಯಾಪದ ಅಥವಾ ಪುಟದ ಸಂಖ್ಯೆ ಇರಲಿ. ಓದಿದ ತಕ್ಷಣ ಯಾವ ಫೈಲ್ ತೆರೆಯಬೇಕು, ಎಲ್ಲಿಂದ ಶುರು ಮಾಡಬೇಕು ಅನ್ನುವುದು ಗೊತ್ತಾಗಬೇಕು. ಗೊತ್ತಾಗದಿದ್ದರೆ ಆ ಸಾಲು ಇನ್ನೂ ದೊಡ್ಡದಿದೆ ಅಂತಲೇ ಅರ್ಥ.

ಒಂದು ಕೆಲಸಕ್ಕೆ ಐದರಿಂದ ಏಳು ಸುತ್ತಿಗಿಂತ ಜಾಸ್ತಿ ಬೇಕು ಅನಿಸಿದರೆ ಒಡೆಯಿರಿ. ಇದು ಚಿರಿಲ್ಲೊ ಅವರದ್ದೇ ಸಲಹೆ. ಒಂದು ಸುತ್ತೂ ಬೇಡದ ಚಿಲ್ಲರೆ ಕೆಲಸಗಳನ್ನು ಒಟ್ಟುಗೂಡಿಸಿ ಒಂದೇ ಸಾಲು ಮಾಡಿ. ನನ್ನ ಪಟ್ಟಿಯಲ್ಲಿ 'ಚಿಲ್ಲರೆ' ಅಂತಲೇ ಒಂದು ಸಾಲು ಇರುತ್ತದೆ. ಮೂರು ಇಮೇಲ್‌ಗೆ ಉತ್ತರ, ಒಂದು ಬಿಲ್ ಕಳಿಸುವುದು, ಫೈಲ್‌ಗಳಿಗೆ ಹೆಸರಿಡುವುದು, ಎಲ್ಲಾ ಅದರಡಿಯಲ್ಲಿ. ಊಟ ಆದ ಮೇಲೆ ಅದಕ್ಕೆ ಒಂದು ಸುತ್ತು.

ಯಾವ ಆ್ಯಪ್ ಅನ್ನುವುದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಟಿಕ್‌ಟಿಕ್‌ನಲ್ಲಿ ಟೈಮರ್ ಒಳಗೇ ಇದೆ, ಕೆಲಸವನ್ನು ಆರಿಸಿ ಅಲ್ಲಿಂದಲೇ ಶುರು ಮಾಡಬಹುದು. ಟೊಡೊಯಿಸ್ಟ್ ಆದರೆ ಪಕ್ಕದಲ್ಲಿ ಬೇರೆ ಟೈಮರ್ ಇಟ್ಟುಕೊಂಡರೂ ನಡೆಯುತ್ತದೆ. ಟ್ರೆಲೊ ಇಷ್ಟಪಡುವವರು 'ಇಂದು', 'ಕೈಯಲ್ಲಿ', 'ಮುಗಿದದ್ದು' ಅಂತ ಮೂರು ಪಟ್ಟಿ ಮಾಡಿ, 'ಕೈಯಲ್ಲಿ' ಪಟ್ಟಿಯಲ್ಲಿ ಒಂದೇ ಕಾರ್ಡ್, ಅಂದರೆ ಒಂದೇ ಕೆಲಸ, ಇರುವಂತೆ ನೋಡಿಕೊಳ್ಳಿ. ಈಗ ನಿಮ್ಮ ಹತ್ತಿರ ಯಾವುದಿದೆಯೋ ಅದರಲ್ಲೇ ಶುರು ಮಾಡಿ.

ಬೆಳಗ್ಗೆ ಕೂತ ತಕ್ಷಣ 'ಇಂದು' ಅನ್ನುವ ಪಟ್ಟಿಗೆ ಕೆಲಸ ಎಳೆದುಕೊಳ್ಳುತ್ತೇನೆ. ಆವರಣದ ಸಂಖ್ಯೆಗಳನ್ನು ಕೂಡಿದರೆ 8 ದಾಟಬಾರದು. ಎಂಟು ಸುತ್ತು ಅಂದರೆ 200 ನಿಮಿಷ, ಮೂರು ಗಂಟೆ ಇಪ್ಪತ್ತು ನಿಮಿಷ ಅಷ್ಟೇ. ಇಷ್ಟು ಕಡಿಮೆಯಾ ಅನಿಸಬಹುದು. ಆದರೆ ಫೋನು, ಊಟ, ಮೀಟಿಂಗ್ ಎಲ್ಲಾ ಕಳೆದು ಪೂರ್ತಿ ಗಮನ ಕೊಟ್ಟು ಮಾಡುವ ಕೆಲಸಕ್ಕೆ ನನಗೆ ದಕ್ಕುವುದು ಇಷ್ಟೇ. ನಿಮ್ಮ ಸಂಖ್ಯೆ ಬೇರೆ ಇರಬಹುದು. ಒಂದು ವಾರ ಎಣಿಸಿ ನೋಡಿ, ಆಮೇಲೆ ಗಡಿ ಹಾಕಿಕೊಳ್ಳಿ.

ಇನ್ನು ಸುತ್ತಿನ ಒಳಗೆ ಏನಾಗುತ್ತದೆ ಅಂತ ನೋಡೋಣ. ಮೊನ್ನೆ ಬೆಳಗಿನ ಒಂದು ಸುತ್ತನ್ನೇ ತೆಗೆದುಕೊಳ್ಳಿ. ಪುಟ 18, ನೀರಿನ ಪಂಪಿನ ವಾಲ್ವ್ ಬಿಚ್ಚುವ ಕ್ರಮ. ಫೋನ್ ಸೈಲೆಂಟ್ ಮಾಡಿ ಕಪಾಟಿನಲ್ಲಿಟ್ಟೆ. ಬ್ರೌಸರಿನಲ್ಲಿ ನಿಘಂಟು ಬಿಟ್ಟು ಬೇರೆಲ್ಲ ಮುಚ್ಚಿದೆ. ಟೈಮರ್ ಒತ್ತಿದೆ. ಆರನೇ ನಿಮಿಷಕ್ಕೆ ಕರೆಂಟ್ ಬಿಲ್ ಕಟ್ಟಿಲ್ಲ ಅನ್ನುವುದು ನೆನಪಾಯಿತು. ಇಂಥ ಹೊತ್ತಲ್ಲಿ 'ಎರಡೇ ನಿಮಿಷ, ಕಟ್ಟಿಬಿಡೋಣ' ಅನಿಸುತ್ತೆ ಅಲ್ವಾ? ಅಲ್ಲೇ ಸುತ್ತು ಹಾಳಾಗುವುದು. ನಾನು ಟಾಸ್ಕ್ ಆ್ಯಪಿನ ಇನ್‌ಬಾಕ್ಸಿನಲ್ಲಿ, ಅಂದರೆ ಇನ್ನೂ ವಿಂಗಡಿಸದ ಸಾಲುಗಳನ್ನು ಹಾಕಿಡುವ ಜಾಗದಲ್ಲಿ, 'ಕರೆಂಟ್ ಬಿಲ್' ಅಂತ ಎರಡು ಪದ ಬರೆದೆ. ದಿನಾಂಕ, ಲೇಬಲ್ ಏನೂ ಹಾಕಲಿಲ್ಲ. ಮತ್ತೆ ವಾಲ್ವಿಗೆ ಮರಳಿದೆ. ಹನ್ನೊಂದನೇ ನಿಮಿಷಕ್ಕೆ ಇನ್ನೊಂದು: ಹಿಂದಿನ ಅಧ್ಯಾಯದಲ್ಲಿ 'ಗ್ಯಾಸ್ಕೆಟ್' ಅಂತ ಬಳಸಿದ್ದೆನಾ, 'ವಾಷರ್' ಅಂತಲಾ? ಇದು ಕೆಲಸಕ್ಕೇ ಸೇರಿದ ಪ್ರಶ್ನೆ. ಆದರೂ ಹಿಂದಿನ ಫೈಲ್ ತೆರೆದರೆ ಅಲ್ಲಿನ ತಪ್ಪು ತಿದ್ದುತ್ತಾ ಕೂತುಬಿಡುತ್ತೇನೆ ಅಂತ ನನಗೆ ಗೊತ್ತು. ಅದನ್ನೂ ಇನ್‌ಬಾಕ್ಸಿಗೆ ಹಾಕಿ, ಪಠ್ಯದಲ್ಲಿ ಆ ಪದಕ್ಕೆ ಹಳದಿ ಬಣ್ಣ ಹಚ್ಚಿ ಮುಂದೆ ಹೋದೆ. ಗಂಟೆ ಬಾರಿಸಿದಾಗ ಪುಟ 19ರ ಕೊನೆಯಲ್ಲಿದ್ದೆ.

ತಲೆಯೊಳಗಿನಿಂದ ಬರುವ ಅಡ್ಡಿಗಳೇ ನನಗೆ ಜಾಸ್ತಿ. ಅದಕ್ಕೇ ಈ ಇನ್‌ಬಾಕ್ಸ್ ಅಭ್ಯಾಸವನ್ನು ಇಷ್ಟು ಒತ್ತಿ ಹೇಳುತ್ತಿದ್ದೇನೆ. ಬರೆದಿಟ್ಟ ತಕ್ಷಣ ಆ ಯೋಚನೆ ಮನಸ್ಸನ್ನು ಬಿಡುತ್ತದೆ, ಕಳೆದುಹೋಗುವುದಿಲ್ಲ ಅನ್ನುವ ಧೈರ್ಯ ಬರುತ್ತದೆ. ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದಾಗ ಗಮನದ ಒಂದು ಪಾಲು ಹಳೆಯದರಲ್ಲೇ ಉಳಿದುಬಿಡುತ್ತದೆ ಅಂತ ಸೋಫಿ ಲೆರಾಯ್ ಅನ್ನುವ ಸಂಶೋಧಕಿ 2009ರಲ್ಲಿ ಬರೆದರು. ಬಿಲ್ ಕಟ್ಟಲು ಎರಡು ನಿಮಿಷ ಸಾಕು, ನಿಜ. ಮತ್ತೆ ವಾಲ್ವಿನ ವಾಕ್ಯದ ಎಳೆ ಹಿಡಿಯಲು ನನಗೆ ಅದಕ್ಕಿಂತ ತುಂಬಾ ಹೊತ್ತು ಬೇಕು. ಆ್ಯಪಿನಲ್ಲಿ ಬೇಗ ಬರೆಯುವ ದಾರಿ ಯಾವುದು ಅಂತ ಮೊದಲೇ ಕಲಿತಿಡಿ. ಟೊಡೊಯಿಸ್ಟ್ ತೆರೆದಿದ್ದರೆ ಕೀಬೋರ್ಡಿನ 'ಕ್ಯೂ' ಒತ್ತಿದರೆ ಸಾಕು, ಬರೆಯುವ ಜಾಗ ಬರುತ್ತದೆ.

ಹೊರಗಿನ ಅಡ್ಡಿ ಬೇರೆ ಥರ. ಯಾರಾದರೂ ಬಂದು ಕೇಳಿದರೆ, 'ಒಂದು ಕೆಲಸದಲ್ಲಿದ್ದೀನಿ, ಹದಿನೈದು ನಿಮಿಷ ಬಿಟ್ಟು ನಾನೇ ಬರ್ತೀನಿ' ಅಂತ ಹೇಳಿ, ಅದನ್ನೂ ಇನ್‌ಬಾಕ್ಸಿಗೆ ಹಾಕಿ. ಹೇಳಿದ ಹಾಗೆ ಹೋಗಿ. ಹೋಗದಿದ್ದರೆ ಮುಂದಿನ ಸಲ ಯಾರೂ ಕಾಯುವುದಿಲ್ಲ. ನಿಜವಾಗಿಯೂ ತುರ್ತು ಇದ್ದರೆ ಟೈಮರ್ ನಿಲ್ಲಿಸಿ ಎದ್ದುಬಿಡಿ. ಆ ಸುತ್ತನ್ನು ಲೆಕ್ಕಕ್ಕೆ ಹಿಡಿಯಬೇಡಿ, ಮರಳಿ ಬಂದ ಮೇಲೆ ಹೊಸದಾಗಿ 25 ನಿಮಿಷ ಹಾಕಿ. ಅರ್ಧ ಸುತ್ತು ಅಂತ ಎಣಿಸಲು ಶುರು ಮಾಡಿದರೆ ಲೆಕ್ಕ ಕೆಡುತ್ತದೆ.

ಬಿಡುವಿನಲ್ಲಿ ಪರದೆ ನೋಡಬೇಡಿ. ಎದ್ದು ನೀರು ಕುಡಿಯಿರಿ, ಕಿಟಕಿಯ ಹತ್ತಿರ ನಿಲ್ಲಿ. ಆ ಐದು ನಿಮಿಷದಲ್ಲಿ ಇನ್‌ಬಾಕ್ಸ್ ತೆರೆಯುವುದೂ ಬೇಡ. ಅದಕ್ಕೆ ದೊಡ್ಡ ಬಿಡುವಿನ ಕೊನೆಯ ಕೆಲವು ನಿಮಿಷ ಸಾಕು. ಅಲ್ಲಿ ಬಿದ್ದ ಸಾಲುಗಳಲ್ಲಿ ಅರ್ಧದಷ್ಟನ್ನು ನಾನು ಅಳಿಸಿಯೇ ಬಿಡುತ್ತೇನೆ. ಆ ಹೊತ್ತಿಗೆ ಅವು ಮುಖ್ಯ ಅನಿಸುವುದೇ ಇಲ್ಲ.

ಲೆಕ್ಕದ ಮಾತಿಗೆ ಬರುತ್ತೇನೆ. ಕೆಲಸಕ್ಕೆ ಟಿಕ್ ಹಾಕುವ ಮೊದಲು ಆವರಣದ ಅಂದಾಜಿನ ಪಕ್ಕ ನಿಜವಾಗಿ ಹಿಡಿದ ಸುತ್ತನ್ನೂ ಬರೆಯಿರಿ. '(3) 5' ಅಂತ. ಇದಕ್ಕೆ ಐದು ಸೆಕೆಂಡೂ ಬೇಡ. ಆ 64 ಪುಟದ ಕೈಪಿಡಿಗೆ ನಾನು ಹಾಕಿದ್ದ ಅಂದಾಜು 16 ಸುತ್ತು. ಹಿಡಿದದ್ದು 27. ಅದನ್ನು ಕಂಡಾಗ ಬೇಸರವಾಯಿತು, ಆದರೆ ಅವತ್ತಿನಿಂದ ಗಡುವು ಒಪ್ಪಿಕೊಳ್ಳುವ ರೀತಿಯೇ ಬದಲಾಯಿತು. ಮುಂದಿನ ತಿಂಗಳು 40 ಪುಟದ ಇನ್ನೊಂದು ಕೈಪಿಡಿ ಬಂತು. 'ಎರಡು ದಿನದಲ್ಲಿ ಆಗುತ್ತಾ?' ಅಂತ ಕೆಲಸ ಕೊಟ್ಟವರು ಕೇಳಿದರು. ಮೊದಲಾಗಿದ್ದರೆ ಹೂಂ ಅನ್ನುತ್ತಿದ್ದೆ. ಈ ಸಲ ಲೆಕ್ಕ ಹಾಕಿದೆ. ಹಳೆಯ ವೇಗದಲ್ಲಿ 17 ಸುತ್ತು ಬೇಕು. ಬೇರೆ ಕೆಲಸ ಕಳೆದು ದಿನಕ್ಕೆ ಐದು ಸುತ್ತು ಇದಕ್ಕೆ ಕೊಡಬಹುದು. ನಾಲ್ಕು ದಿನ ಬೇಕು ಅಂದೆ, ಅವರು ಒಪ್ಪಿದರು. ನಾಲ್ಕನೇ ದಿನ ಮಧ್ಯಾಹ್ನ ಫೈಲ್ ಕಳಿಸಿದೆ, ರಾತ್ರಿ ನಿದ್ದೆಗೆಡದೆ.

25 ನಿಮಿಷ ಎಲ್ಲದಕ್ಕೂ ಹೊಂದುವುದಿಲ್ಲ. ಓದಿ ತಿದ್ದುವ ಕೆಲಸಕ್ಕೆ ನಾನು 40 ನಿಮಿಷ ಹಾಕಿ 10 ನಿಮಿಷ ಬಿಡುತ್ತೇನೆ, ಯಾಕೆಂದರೆ ಒಂದು ಅಧ್ಯಾಯದ ಧಾಟಿ ಕಿವಿಗೆ ಹತ್ತುವುದಕ್ಕೇ ಸುಮಾರು ಹೊತ್ತು ಬೇಕು. ಮೈ ಹುಷಾರಿಲ್ಲದ ದಿನ 15 ನಿಮಿಷವೇ ಸಾಕು. ಆದರೆ ಒಂದು ಪ್ರಾಜೆಕ್ಟಿನಲ್ಲಿ ಒಂದೇ ಬಗೆಯ ಕೆಲಸಕ್ಕೆ ಅಳತೆ ಬದಲಿಸುತ್ತಾ ಇರಬೇಡಿ, ಹೋಲಿಸಿ ನೋಡಲು ಆಗುವುದಿಲ್ಲ. ದಿನವಿಡೀ ಫೋನ್ ಎತ್ತಲೇಬೇಕಾದ ಕೆಲಸದವರಿಗೆ ಇಡೀ ದಿನ ಹೀಗೆ ನಡೆಸುವುದು ಕಷ್ಟ. ಅಂಥವರು ಬೆಳಗಿನ ಎರಡು ಸುತ್ತು ಉಳಿಸಿಕೊಂಡರೂ ತುಂಬಾ ಆಯಿತು.

ಕೊನೆಯ ಸುತ್ತಿನ ಕೊನೆಯ ಎರಡು ನಿಮಿಷ ನಾಳೆಗೆ ಇಡಿ. ಎಲ್ಲಿಗೆ ನಿಲ್ಲಿಸಿದ್ದೀರಿ ಅಂತ ಆ್ಯಪಿನಲ್ಲಿ ಆ ಕೆಲಸದ ಟಿಪ್ಪಣಿಯಲ್ಲಿ ಬರೆದು, ಅದನ್ನೇ ನಾಳೆಯ ಪಟ್ಟಿಯ ಮೊದಲ ಸಾಲಿಗೆ ಎಳೆಯಿರಿ. ನಿನ್ನೆ ಸಂಜೆ ನಾನು ಬರೆದದ್ದು ಇಷ್ಟು: 'ಪುಟ 31, ಎರಡನೇ ಪ್ಯಾರಾದಿಂದ. ಮೋಟರ್ ಚಿತ್ರದ 4ನೇ ಭಾಗಕ್ಕೆ ಹೆಸರು ಸಿಕ್ಕಿಲ್ಲ, ಹಳದಿ ಹಚ್ಚಿದೆ.' ಇವತ್ತು ಬೆಳಗ್ಗೆ ಅದನ್ನು ಓದಿ ಟೈಮರ್ ಒತ್ತಿದೆ.