ಬಿಡವ್ವ, ದೇವರ ಕೆಲಸಕ್ಕೆ ಹೋಗಿದ್ದೆ

ನಮ್ಮ ಮನೆ ಮೈಸೂರಿನ ಲಷ್ಕರ್ ಮೊಹಲ್ಲಾದಲ್ಲಿದೆ. ಸಂತ ಫಿಲೋಮಿನಾ ಚರ್ಚಿನ ಗಂಟೆ ಹೊಡೆದರೆ ಅಡುಗೆಮನೆಗೆ ಕೇಳಿಸುತ್ತದೆ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದ ಚರ್ಚದು. ಅದರ ಎರಡು ಗೋಪುರ ನೋಡಿಕೊಂಡೇ ಬೆಳೆದವಳು ನಾನು.

ಭಾನುವಾರ ಚರ್ಚಿನ ಬಲಿಪೂಜೆ ನಾನು ತಪ್ಪಿಸುತ್ತಿರಲಿಲ್ಲ. ಸಂಜೆ ಮಣಿ ಎಣಿಸುತ್ತಾ ಜಪಸರ, ಅದೂ ಯೇಸು, ಮರಿಯಮ್ಮನವರ ಬದುಕನ್ನು ನೆನೆಯುವ ಐದೂ ರಹಸ್ಯ, 53 ನಮೋ ಮರಿಯಾ ಪ್ರಾರ್ಥನೆ. ಪಾಸ್ಕ (ಈಸ್ಟರ್) ಹಬ್ಬಕ್ಕೆ ಮುಂಚಿನ ತಪಸ್ಸು ಕಾಲ ಬಂತೆಂದರೆ ಶುಕ್ರವಾರ ಮಾಂಸವಿಲ್ಲ, ಸಂಜೆ ಶಿಲುಬೆ ಹಾದಿ, ಅಂದರೆ ಯೇಸು ಶಿಲುಬೆ ಹೊತ್ತು ನಡೆದ ದಾರಿಯನ್ನು ಹದಿನಾಲ್ಕು ಸ್ಥಳಗಳಲ್ಲಿ ನಿಂತು ನೆನೆಯುವ ಪ್ರಾರ್ಥನೆ. ಇಷ್ಟು ಮಾಡಿದರೆ ಒಳ್ಳೆಯ ಕ್ರೈಸ್ತಳು ಅಂತ ಮನಸ್ಸಿನಲ್ಲಿ ಲೆಕ್ಕ ಹಾಕಿಕೊಂಡಿದ್ದೆ.

ಅಂಥ ಒಂದು ಶುಕ್ರವಾರ ಸಂಜೆ ಪಕ್ಕದ ವಠಾರದ ಅಜ್ಜಿ ಬಾಗಿಲಿಗೆ ಬಂದರು. ಅವರು ಹೂ ಕಟ್ಟಿ ಮಾರುವವರು. ಅವರ ಯಜಮಾನರಿಗೆ ಉಸಿರಾಡಲು ಕಷ್ಟವಾಗುತ್ತಿತ್ತು. "ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು ಕಣವ್ವ. ನಂಗೆ ಚೀಟಿ ಓದಕ್ಕೆ ಬರಲ್ಲ. ಒಂದು ಗಳಿಗೆ ಜೊತೇಲಿ ಬಾ" ಅಂದರು. ನಾನು ಆಗಲೇ ಸೀರೆ ಉಟ್ಟು, ತಲೆ ಮೇಲೆ ಸೆರಗು ಹೊದ್ದು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. "ಶಿಲುಬೆ ಹಾದಿಗೆ ಹೊತ್ತಾಯ್ತು ಅಜ್ಜಿ, ಬಂದ್ಮೇಲೆ ನೋಡೋಣ" ಅಂದೆ. ಚರ್ಚಿಗೆ ಹೋದೆ. ಹದಿನಾಲ್ಕೂ ಸ್ಥಳದಲ್ಲಿ ಮೊಣಕಾಲೂರಿದೆ. ಐದನೆಯ ಸ್ಥಳದಲ್ಲಿ, ದಾರಿಯಲ್ಲಿ ಹೋಗುತ್ತಿದ್ದ ಸಿಮೋನ ಯೇಸುವಿನ ಶಿಲುಬೆಗೆ ಹೆಗಲು ಕೊಡುತ್ತಾನಲ್ಲ, ಅಲ್ಲೂ ನನಗೇನೂ ಅನ್ನಿಸಲಿಲ್ಲ.

ವಾಪಸ್ಸು ಬಂದಾಗ ಅಜ್ಜಿಯ ಮನೆಗೆ ಬೀಗ. ಒಬ್ಬರೇ ಆಟೋ ಮಾಡಿಕೊಂಡು ಹೋಗಿದ್ದರು. ಮಾರನೇ ದಿನ ಸಿಕ್ಕಾಗ ನಾನೇ ಮಾತು ತೆಗೆದೆ. ಅವರು ನನಗೇ ಸಮಾಧಾನ ಹೇಳಿದರು: "ಬಿಡವ್ವ, ನೀನು ದೇವರ ಕೆಲಸಕ್ಕೆ ಹೋಗಿದ್ದೆ." ಸದ್ಯ, ಬೇಜಾರು ಮಾಡಿಕೊಂಡಿಲ್ಲವಲ್ಲ ಅಂತ ನೆಮ್ಮದಿಯೇ ಆಯಿತು.

ಪಾಸ್ಕ ಹಬ್ಬಕ್ಕೆ ಮುಂಚೆ ಪಾಪನಿವೇದನೆಗೆ ಹೋದೆ. ಮರೆತು ಒಂದು ಶುಕ್ರವಾರ ಎಗ್ ಪಫ್ಸ್ ತಿಂದಿದ್ದೆ, ಅದನ್ನು ಬಹಳ ಸಂಕಟದಿಂದ ಹೇಳಿಕೊಂಡೆ. "ಮಾಂಸಕ್ಕೆ ಮಾತ್ರಮ್ಮ ನಿಯಮ, ಮೊಟ್ಟೆಗಿಲ್ಲ" ಅಂದರು ಫಾದರ್. ಆಮೇಲೆ ಮೆಲ್ಲಗೆ ಕೇಳಿದರು: "ಮನೆಯಲ್ಲಿ, ಅಕ್ಕಪಕ್ಕದಲ್ಲಿ ಎಲ್ಲರೂ ಹೇಗಿದ್ದಾರೆ?" ನನಗೆ ಬಾಯಿ ಬರಲಿಲ್ಲ. ಪಫ್ಸ್ ನೆನಪಿತ್ತು, ಅಜ್ಜಿ ನೆನಪಿರಲಿಲ್ಲ. "ದೇವರ ಕೆಲಸಕ್ಕೆ ಹೋಗಿದ್ದೆ" ಅನ್ನುವ ಮಾತು ಆಗ ಚುಚ್ಚಿತು. ದೇವರ ಹೆಸರು ಹೇಳಿ ನಾನು ಜಾರಿಕೊಂಡಿದ್ದೆ, ಅಷ್ಟೇ.

ಮೊದಲು ನಾನು ತಪ್ಪು ದಾರಿ ಹಿಡಿದೆ, ಅದನ್ನೂ ಹೇಳಬೇಕು. ಈ ನಿಯಮಗಳಿಂದಲೇ ಹೀಗಾಯಿತು ಅಂದುಕೊಂಡು ಎಲ್ಲ ಬಿಟ್ಟುಬಿಟ್ಟೆ. ಜಪಸರ ಡಬ್ಬಿಗೆ ಹೋಯಿತು. ಭಾನುವಾರ ಸುಮ್ನೆ ಮಲಗಿದೆ. ಮೂರು ತಿಂಗಳಾದರೂ ಅಜ್ಜಿಯ ಮನೆಗಂತೂ ಹೋಗಲಿಲ್ಲ. ನಿಯಮ ಬಿಟ್ಟ ಮಾತ್ರಕ್ಕೆ ಪ್ರೀತಿ ತಾನಾಗಿ ಹುಟ್ಟುವುದಿಲ್ಲ. ನಿಮ್ಮಲ್ಲೂ ಯಾರಾದರೂ ಹಾಗೆ ಬಿಡುವ ಯೋಚನೆಯಲ್ಲಿದ್ದರೆ, ಒಂದೇ ಸಲ ಬಿಡಬೇಡಿ ಅಂತಲೇ ಹೇಳುತ್ತೇನೆ.

ಆಮೇಲೆ ಮಾರ್ಕನ ಶುಭಸಂದೇಶ ಹಿಡಿದೆ. ಯೇಸುವಿನ ಬದುಕು ಹೇಳುವ ಬೈಬಲಿನ ನಾಲ್ಕು ಪುಸ್ತಕಗಳಲ್ಲಿ ಚಿಕ್ಕದು, 16 ಅಧ್ಯಾಯ. ಬೆಳಿಗ್ಗೆ ಕಾಫಿ ಕುಡಿದು ಹತ್ತು ನಿಮಿಷ, ಮನಸ್ಸಿಗೆ ಏನಾದರೂ ತಟ್ಟಿದರೆ ಅಲ್ಲೇ ನಿಲ್ಲಿಸುವುದು. ಏಳನೇ ಅಧ್ಯಾಯದಲ್ಲಿ ವಾರಗಟ್ಟಲೆ ನಿಂತೆ. ಅಲ್ಲಿ ಕೊರ್ಬಾನ್ ಅನ್ನುವ ಮಾತು ಬರುತ್ತದೆ, ದೇವರಿಗೆ ಮೀಸಲಿಟ್ಟದ್ದು ಅಂತ ಅರ್ಥ. ಅಪ್ಪ ಅಮ್ಮನಿಗೆ ಸಲ್ಲಬೇಕಾದ್ದನ್ನು ಒಬ್ಬ 'ಇದು ಕೊರ್ಬಾನ್' ಅಂದುಬಿಟ್ಟರೆ ಮುಗಿಯಿತು, ಅವರಿಗೆ ಏನೂ ಕೊಡದೆ ಇರಬಹುದಿತ್ತು. ಅದನ್ನೇ ಯೇಸು, ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದ ಫರಿಸಾಯರ ಮುಂದೆ ಎತ್ತಿ ಬೈಯುತ್ತಾರೆ. ನನ್ನ ಶುಕ್ರವಾರದ ಸಂಜೆಯೂ ಕೊರ್ಬಾನೇ ಅಲ್ವಾ?

ಅಂತೂ ಧೈರ್ಯ ಮಾಡಿ ಅಜ್ಜಿಯ ಮನೆಗೆ ಹೋದೆ. ಬಾಗಿಲಲ್ಲಿ ಕೂತು ಹೂ ಕಟ್ಟುತ್ತಿದ್ದರು. "ಅವತ್ತು ನಾನು ಬರಬೇಕಿತ್ತು ಅಜ್ಜಿ. ದೇವರೂ ಅದನ್ನೇ ಹೇಳುತ್ತಿದ್ದ" ಅಂದೆ. ಅವರು ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮೊರವನ್ನು ನನ್ನ ಕಡೆ ತಳ್ಳಿ, "ಮೊಗ್ಗು ಜೋಡಿಸಿಕೊಡು" ಅಂದರು. ಒದ್ದೆ ಬಾಳೆನಾರು, ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ, ಒಂದು ಸುತ್ತು, ಒಂದು ಗಂಟು. ಜಾಸ್ತಿ ಎಳೆದರೆ ತೊಟ್ಟು ಮುರಿಯುತ್ತದೆ, ಸಡಿಲ ಬಿಟ್ಟರೆ ಹೂ ಜಾರುತ್ತದೆ. ಒಂದು ಮೊಳ ಕಟ್ಟಲು ನನಗೆ ಮುಕ್ಕಾಲು ಗಂಟೆ ಹಿಡಿಯಿತು. ತಾವು ಮಂಗಳವಾರ ದೋರನಹಳ್ಳಿಗೆ ಹೋಗಿ ಸಂತ ಅಂತೋಣಿಯವರಿಗೆ ಮೇಣದಬತ್ತಿ ಹಚ್ಚಿ ಬರುವುದುಂಟು ಅಂತ ಅಜ್ಜಿ ಹೇಳಿದ್ದು ಅವತ್ತೇ. ಕೆ.ಆರ್. ನಗರದ ಹತ್ತಿರದ ಆ ದೊಡ್ಡ ಚರ್ಚಿಗೆ, ಬಸಿಲಿಕಕ್ಕೆ, ಎಲ್ಲ ಜಾತಿ ಮತದವರೂ ಬರುತ್ತಾರೆ, ಗೊತ್ತಿತ್ತು. ಪಕ್ಕದ ಮನೆಯವರು ಹೋಗುವುದು ಮಾತ್ರ ಗೊತ್ತಿರಲಿಲ್ಲ.

ಈಗ ಜಪಸರ ಮತ್ತೆ ಕೈಗೆ ಬಂದಿದೆ. ಕೆಲವು ದಿನ ಒಂದೇ ರಹಸ್ಯ, ಒಬ್ಬರನ್ನು ನೆನೆಸಿಕೊಂಡು ನಿಧಾನಕ್ಕೆ. ಬೆಳಿಗ್ಗೆ ಅವರನ್ನು ಹೋಗಿ ಮಾತಾಡಿಸುವುದೂ ಆ ಪ್ರಾರ್ಥನೆಗೇ ಸೇರಿದ್ದು. ತಪಸ್ಸು ಕಾಲದ ಶುಕ್ರವಾರ ಮೊದಲು ಮಾಂಸ ಬಿಟ್ಟು ದುಬಾರಿ ಮೀನು ಹುರಿದು ತಿನ್ನುತ್ತಿದ್ದೆವು. ಈಗ ಹುರುಳಿ ಸಾರು. ಉಳಿದ ದುಡ್ಡು ಒಂದು ಡಬ್ಬಿಗೆ. ಯಾರಾದರೂ ಆಸ್ಪತ್ರೆಗೆ ಅಂತ ಬಂದರೆ ಆಟೋಗೆ ಅದರಿಂದಲೇ.

ಎರಡು ವರ್ಷದ ಹಿಂದೆ ಅತ್ತೆಗೆ ಲಕ್ವಾ ಹೊಡೆಯಿತು. ಎಷ್ಟೋ ಭಾನುವಾರ ಚರ್ಚಿಗೆ ಹೋಗಲಾಗಲಿಲ್ಲ. ಹಳೆಯ ಭಯ ಮತ್ತೆ ಬಂತು. ಅತ್ತೆಗೆ ಪೂಜೆಯ ಪರಮಪ್ರಸಾದ ಮನೆಗೇ ತಂದುಕೊಟ್ಟ ಫಾದರ್ ಅವತ್ತು ಬಿಡಿಸಿ ಹೇಳಿದರು. ರೋಗಿಯನ್ನು ನೋಡಿಕೊಳ್ಳುವವರು ಪೂಜೆಗೆ ಬರಲಾಗದಿದ್ದರೆ ಪಾಪವಲ್ಲ. ಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸ ರೋಗಿಗೂ ಇಲ್ಲ, ಅವರನ್ನು ನೋಡಿಕೊಳ್ಳುವವರಿಗೂ ಇಲ್ಲ. ಇದು ಧರ್ಮಸಭೆಯ ಕಾನೂನಿನಲ್ಲೇ ಇದೆಯಂತೆ. ಇಷ್ಟು ವರ್ಷ ನಿಯಮ ಪಾಲಿಸಿದ ನನಗೆ ಅದರೊಳಗೇ ಇದ್ದ ಈ ಕರುಣೆ ಕಂಡಿರಲಿಲ್ಲ. ಅತ್ತೆಯ ಬಾಯಿ ಒರೆಸುತ್ತಾ ಅವತ್ತು ತುಂಬಾ ಅತ್ತುಬಿಟ್ಟೆ.

ಶುಕ್ರವಾರ ಮಧ್ಯಾಹ್ನ ಈಗಲೂ ಅಜ್ಜಿಯ ಬಾಗಿಲಲ್ಲಿ ಹೂ ಕಟ್ಟುತ್ತೇನೆ. ಈ ಸಲ ಶುಭ ಶುಕ್ರವಾರವೂ ಕೂತಿದ್ದೆ. ಗಂಟೆ ಎರಡೂವರೆ ಆಗಿತ್ತು, ಬುಟ್ಟಿಯಲ್ಲಿ ಇನ್ನೂ ಮೊಗ್ಗಿತ್ತು. ಅಜ್ಜಿ ನನ್ನ ಕೈಯಿಂದ ನಾರು ತೆಗೆದುಕೊಂಡರು. "ಇವತ್ತು ಮೂರು ಗಂಟೆಗಲ್ವಾ ನಿಮ್ಮ ಪೂಜೆ? ಎದ್ದೇಳು, ಹೊತ್ತಾಯ್ತು. ಇದು ನಾನು ಕಟ್ಕೋತೀನಿ" ಅಂದರು. ನಾನು ಸೆರಗಿಗೆ ಕೈ ಒರೆಸಿಕೊಂಡು ಚರ್ಚಿನ ಕಡೆ ಹೊರಟೆ.