ಅಡ್ರಿನಲ್ ಬಯಾಪ್ಸಿ: ನಾನು ಮಾಡುವ ರೀತಿ

ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಯ ಗಡ್ಡೆಗೆ ಬಯಾಪ್ಸಿ (ಸೂಜಿಯಿಂದ ಚೂರು ತೆಗೆದು ಪರೀಕ್ಷೆ) ಮಾಡಿ ಅಂತ ಚೀಟಿ ಬಂದರೆ ನಾನು ಮೊದಲು ಕೇಳುವುದು ಮೆಟಾನೆಫ್ರಿನ್ ರಿಪೋರ್ಟ್, ಅಂದರೆ ಅಡ್ರಿನಲಿನ್ ಥರದ ಹಾರ್ಮೋನು ಒಡೆದು ಆಗುವ ವಸ್ತುವಿನ ಅಳತೆ. ರಕ್ತದಲ್ಲಿ ನೋಡಿರಲಿ, 24 ಗಂಟೆಯ ಮೂತ್ರದಲ್ಲಿ ನೋಡಿರಲಿ, ಅದನ್ನು ಕಣ್ಣಾರೆ ನೋಡದೆ ಸೂಜಿ ಮುಟ್ಟುವುದಿಲ್ಲ. ಗಡ್ಡೆ ಫಿಯೋಕ್ರೊಮೊಸೈಟೋಮಾ (ಅಡ್ರಿನಲಿನ್ ಥರದ ಹಾರ್ಮೋನು ತಯಾರಿಸುವ ಗಡ್ಡೆ) ಆಗಿದ್ದರೆ ಸೂಜಿ ತಾಗಿದ್ದೇ ತಡ, ಆ ಹಾರ್ಮೋನುಗಳು ರಕ್ತಕ್ಕೆ ನುಗ್ಗಬಹುದು. ಬಿಪಿ ಏಕಾಏಕಿ ಏರಿ ಜೀವಕ್ಕೇ ಕುತ್ತು ಬರಬಹುದು. 'ಬಿಪಿ ನಾರ್ಮಲ್ ಇದೆಯಲ್ಲ ಸರ್' ಅಂದರೆ ನಾನು ಒಪ್ಪುವುದಿಲ್ಲ. ಬಿಪಿ ನಾರ್ಮಲ್ ಇದ್ದವರಲ್ಲೂ ಈ ಗಡ್ಡೆ ಇರುತ್ತದೆ.

ಹಾಗೆ ನೋಡಿದರೆ ಜಾಸ್ತಿ ಅಡ್ರಿನಲ್ ಗಡ್ಡೆಗಳಿಗೆ ಬಯಾಪ್ಸಿಯೇ ಬೇಡ. ಕಾಂಟ್ರಾಸ್ಟ್ ಔಷಧಿ ಕೊಡದೆ ತೆಗೆದ ಸಿಟಿಯಲ್ಲಿ ಗಡ್ಡೆಯ ಸಾಂದ್ರತೆ ಒಂದೇ ಸಮನಾಗಿ 10 ಹೌನ್ಸ್‌ಫೀಲ್ಡ್ ಯೂನಿಟ್ ಅಥವಾ ಅದಕ್ಕಿಂತ ಕಡಿಮೆ ಬಂದರೆ ಅದು ಅಪಾಯವಿಲ್ಲದ ಗಡ್ಡೆ. ಅಡ್ರಿನಲ್‌ನಲ್ಲೇ ಹುಟ್ಟಿದ ಕ್ಯಾನ್ಸರ್ ಅನ್ನುವ ಗುಮಾನಿ ಇದ್ದು ಆಪರೇಷನ್ ಮಾಡುವಂತಿದ್ದರೆ, ಇಡಿಯಾಗಿ ತೆಗೆಯುವುದೇ ಸರಿ. ರಿಪೋರ್ಟ್ ನೋಡಿ ಚಿಕಿತ್ಸೆ ಬದಲಾಗುತ್ತದೆ ಅನ್ನುವಲ್ಲಿ ಮಾತ್ರ ಸೂಜಿ.

ಅಂಥ ಒಂದು ಕೇಸು. ಅರವತ್ತು ದಾಟಿದ ರೈತರು, ಸಕ್ಕರೆ ಕಾಯಿಲೆ ಇತ್ತು. ಊಟ ಸೇರುತ್ತಿರಲಿಲ್ಲ, ಮೈ ಇಳಿದಿತ್ತು, ಅಂಗೈ ಗೆರೆಗಳು ಕಪ್ಪಗಾಗಿದ್ದವು. ಸಿಟಿಯಲ್ಲಿ ಎರಡೂ ಅಡ್ರಿನಲ್ ಊದಿದ್ದವು. ಅಡ್ರಿನಲ್ ತಯಾರಿಸುವ ಹಾರ್ಮೋನು ಕಾರ್ಟಿಸೋಲ್ ಬೆಳಗಿನ ರಕ್ತದಲ್ಲಿ ತೀರಾ ಕಡಿಮೆ. ನಮ್ಮ ಕಡೆ ಇಂಥದ್ದಕ್ಕೆ ಮೊದಲು ನೆನಪಾಗುವುದು ಟಿಬಿ. 'ಸುಮ್ನೆ ಟಿಬಿ ಮಾತ್ರೆ ಶುರು ಮಾಡೋಣ ಅಲ್ವಾ?' ಅನ್ನುವ ಮಾತೂ ಬಂತು. ನಾನು ಬೇಡವೆಂದೆ. ಟಿಬಿ ಮಾತ್ರೆಗಳಲ್ಲೊಂದಾದ ರಿಫಾಂಪಿಸಿನ್ ಕೊಟ್ಟರೆ ಕಾರ್ಟಿಸೋಲ್ ಇನ್ನೂ ಬೇಗ ಖರ್ಚಾಗುತ್ತದೆ. ಮೊದಲೇ ಬರಿದಾದ ಗ್ರಂಥಿಗೆ ಅದನ್ನು ತಡೆಯುವ ಶಕ್ತಿ ಎಲ್ಲಿಂದ ಬರಬೇಕು?

ಕಾರ್ಟಿಸೋಲ್ ಕೊರತೆ ತುಂಬಲು ಹೈಡ್ರೋಕಾರ್ಟಿಸೋನ್ ಶುರು ಮಾಡಿದರು. ಮೆಟಾನೆಫ್ರಿನ್, ರಕ್ತ ಹೆಪ್ಪುಗಟ್ಟುವುದನ್ನು ಹೇಳುವ ಐಎನ್‌ಆರ್, ಪ್ಲೇಟ್‌ಲೆಟ್ ಎಲ್ಲ ಸರಿಯಿತ್ತು. ನಾನು ಎಡಗಡೆಯದನ್ನು ಆರಿಸಿ, ಅವರನ್ನು ಎಡ ಮಗ್ಗುಲಿಗೇ ಮಲಗಿಸಿದೆ. ಕೆಳಗಾದ ಮಗ್ಗುಲಿನ ಶ್ವಾಸಕೋಶ ಅಷ್ಟಾಗಿ ಹಿಗ್ಗುವುದಿಲ್ಲ. ಬೋರಲು ಮಲಗಿಸಿದರೆ ಎಷ್ಟೋ ಸಲ ಅದರ ಅಂಚು ಸೂಜಿಯ ದಾರಿಗೇ ಬಂದು ಕೂರುತ್ತದೆ, ಗಾಳಿ ಸೋರುವ ಭಯ. 'ಯಜಮಾನ್ರೇ, ಜೋರಾಗಿ ಎಳ್ಕೋಬೇಡಿ. ದಿನಾ ಉಸಿರಾಡೋ ಹಾಗೆ ಬಿಟ್ಟು, ಅಲ್ಲೇ ಹಿಡ್ಕೊಳ್ಳಿ' ಅಂತ ಮೊದಲೇ ಅಭ್ಯಾಸ ಮಾಡಿಸಿದೆ. ಪ್ರತಿ ಸಲವೂ ಅದೇ ಅಳತೆಯ ಉಸಿರು ಬೇಕು. ಇಲ್ಲವಾದರೆ ಗ್ರಂಥಿ ಜಾಗ ಬದಲಿಸಿರುತ್ತದೆ.

ಬೆನ್ನೆಲುಬಿನ ಪಕ್ಕದಲ್ಲಿ ಜಾಗ ಮರಗಟ್ಟಿಸಲು ಲಿಗ್ನೊಕೇಯ್ನ್ ಕೊಟ್ಟು 17 ಗೇಜ್ ಹೊರಸೂಜಿಯನ್ನು ಸ್ವಲ್ಪ ಸ್ವಲ್ಪವೇ ಒಳಗೆ ಬಿಟ್ಟೆ. ಅಷ್ಟಷ್ಟಕ್ಕೂ ಒಂದು ಸಿಟಿ. ತುದಿಯನ್ನು ನಿಲ್ಲಿಸಿದ್ದು ಗಡ್ಡೆಯ ಅಂಚಿನಲ್ಲಿ. ನಡುವಿನ ಕೊಳೆತ ಭಾಗದಿಂದ ತೆಗೆದರೆ ಪೆಥಾಲಜಿಯವರಿಗೆ ಓದಲು ಏನೂ ಉಳಿದಿರುವುದಿಲ್ಲ. ಆಮೇಲೆ ಅದರೊಳಗಿಂದ 18 ಗೇಜ್ ಕೋರ್ ಸೂಜಿ. ದಾರದೆಳೆಯಂಥ ಬಿಳಿ ಚೂರುಗಳು ಬಂದವು. ಅರಿವಳಿಕೆ ವೈದ್ಯರ ಕಣ್ಣು ಪೂರ್ತಿ ಮಾನಿಟರ್ ಮೇಲಿತ್ತು.

ಚೂರುಗಳನ್ನು ಪಾಲು ಮಾಡುವುದರಲ್ಲಿ ನಾನು ತುಂಬಾ ಹಟಮಾರಿ. ಎಲ್ಲವನ್ನೂ ಫಾರ್ಮಲಿನ್‌ಗೆ ಹಾಕಲು ಬಿಡುವುದಿಲ್ಲ. ಫಾರ್ಮಲಿನ್‌ನಲ್ಲಿ ಕ್ರಿಮಿ ಸತ್ತುಹೋಗುತ್ತದೆ, ಮತ್ತೆ ಕಲ್ಚರ್ ಬೆಳೆಯುವುದಿಲ್ಲ. ಒಂದು ಪಾಲು ಬರೀ ಸಲೈನ್‌ನಲ್ಲಿ ಟಿಬಿ ಪರೀಕ್ಷೆಗೆ ಮತ್ತು ಫಂಗಲ್ ಕಲ್ಚರ್‌ಗೆ ಹೋಗಲೇಬೇಕು.

ಟಿಬಿ ಸಿಗಲಿಲ್ಲ. ಬೆಳ್ಳಿ ಸ್ಟೇನ್‌ನಲ್ಲಿ ಸಣ್ಣ ಸಣ್ಣ ಯೀಸ್ಟ್‌ಗಳು ಕಪ್ಪಗೆ ಕಂಡವು: ಹಿಸ್ಟೋಪ್ಲಾಸ್ಮಾ ಅನ್ನುವ ಫಂಗಸ್. ಕಲ್ಚರ್‌ನಲ್ಲೂ ಅದೇ ಬೆಳೆಯಿತು. ಆ ಫಂಗಸ್‌ಗೆ ಮೊದಲು ಆಂಫೋಟೆರಿಸಿನ್, ಆಮೇಲೆ ಇಟ್ರಕೊನಜೋಲ್. ಒಂದು ವರ್ಷವಾದರೂ ನುಂಗಬೇಕಾದ ಔಷಧಿ ಅದು. ಜೊತೆಗೆ ರಿಫಾಂಪಿಸಿನ್ ಇದ್ದಿದ್ದರೆ ರಕ್ತದಲ್ಲಿ ಇಟ್ರಕೊನಜೋಲ್ ಮಟ್ಟ ಏರುತ್ತಲೇ ಇರಲಿಲ್ಲ.